ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಸಿನಿಮಾಗಳು: ನೋಡಿ ಖುಷಿಪಡುವುದು ಹೇಗೆ?

ಒಂದು ಹೂವಿನ ಅಂಗಡಿ. ಕಪ್ಪು ಕನ್ನಡಕ ಹಾಕಿಕೊಂಡ ಹೀರೋ ಒಳಗೆ ಬಂದು ಗುಲಾಬಿ ಬೇಕು ಅನ್ನುತ್ತಾನೆ. ಅಂಗಡಿಯಾಕೆ ‘ಓ ನೀವಾ, ಗೊತ್ತೇ ಆಗಲಿಲ್ಲ’ ಅನ್ನುತ್ತಾಳೆ. ಅವನು ಬಾಯಿ ಬಿಡುವ ಮೊದಲೇ ಹೂವು ಅವನ ಕೈಗೆ ಬರುತ್ತದೆ. ಆಮೇಲೆ ಅವನು ಅವಳ ಹಿಂದಿನ ಮಾತಿಗೆ ಉತ್ತರ ಕೊಟ್ಟು, ಅದೇ ಉಸಿರಿನಲ್ಲಿ ಎಷ್ಟಾಯ್ತು ಅಂತ ಕೇಳಿ, ದುಡ್ಡು ಕೊಟ್ಟು, ಚಿಲ್ಲರೆ ನೀವೇ ಇಟ್ಟುಕೊಳ್ಳಿ ಅಂದು, ಕೌಂಟರ್ ಮೇಲಿರುವ ನಾಯಿಯನ್ನೂ ಮಾತಾಡಿಸಿ ಹೊರಟುಹೋಗುತ್ತಾನೆ. ಎಲ್ಲ ಸೇರಿ ಅರ್ಧ ನಿಮಿಷವೂ ಇಲ್ಲ. ಇಬ್ಬರೂ ಬೇರೆ ಬೇರೆ ಊರಲ್ಲಿ ನಿಂತು, ಲೈನ್ ಸರಿಯಿಲ್ಲದ ಫೋನಿನಲ್ಲಿ ಮಾತಾಡಿದ ಹಾಗಿದೆ.

ಇದು 2003ರ ‘ದಿ ರೂಮ್’. ಈ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಎಷ್ಟೋ ಒಳ್ಳೆಯ ಸಿನಿಮಾಗಳು ನನಗೆ ಇಷ್ಟು ಖುಷಿ ಕೊಟ್ಟಿಲ್ಲ.

ಆದರೆ ಸುಮ್ನೆ ಹಾಕಿಕೊಂಡು ಕೂತರೆ ಈ ಖುಷಿ ಸಿಗುವುದಿಲ್ಲ. ‘ತುಂಬಾ ಕೆಟ್ಟದಾಗಿದೆಯಂತೆ, ನೋಡೋಣ’ ಅಂತ ಶುರುಮಾಡಿ, ಇಪ್ಪತ್ತು ನಿಮಿಷಕ್ಕೆ ಬೇಜಾರಾಗಿ ಎದ್ದುಹೋದವರು ಬೇಕಾದಷ್ಟು ಜನ ಇದ್ದಾರೆ. ತಪ್ಪು ಅವರದ್ದಲ್ಲ. ಯಾವುದನ್ನು, ಯಾರ ಜೊತೆ, ಹೇಗೆ ನೋಡಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ನನಗೆ ಗೊತ್ತಿರುವುದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ಯಾವ ಥರದ ಕೆಟ್ಟ ಸಿನಿಮಾ ಅಂತ ಗುರುತಿಸಿ

ಇಡೀ ವಿಷಯದಲ್ಲಿ ಇದೇ ಮುಖ್ಯ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಕೆಟ್ಟ ಸಿನಿಮಾಗಳಲ್ಲಿ ಹೆಚ್ಚಿನವು ಬರೀ ಬೋರು. ಕ್ಯಾಮೆರಾ ಸರಿಯಿದೆ, ನಟನೆ ಪರವಾಗಿಲ್ಲ, ಕಥೆ ಹತ್ತು ಕಡೆ ನೋಡಿದ್ದೇ. ಅದರಲ್ಲಿ ನಗುವುದಕ್ಕೂ ಏನಿಲ್ಲ, ನೆನಪಿಟ್ಟುಕೊಳ್ಳುವುದಕ್ಕೂ ಏನಿಲ್ಲ. ಅವನ್ನು ಬಿಟ್ಟುಬಿಡಿ.

ಇನ್ನೊಂದು ಗುಂಪಿದೆ. ಬೇಕು ಬೇಕೂಂತಲೇ ಕೆಟ್ಟದಾಗಿ ಮಾಡಿದವು. ಸುಂಟರಗಾಳಿಯಲ್ಲಿ ಶಾರ್ಕ್ ಮೀನುಗಳು ಹಾರಿಕೊಂಡು ಬರುವ 2013ರ ‘ಶಾರ್ಕ್‌ನೇಡೋ’ ಈ ಜಾತಿಯದು. ಕೆಲವರಿಗೆ ಇಷ್ಟ ಆಗುತ್ತದೆ, ಆಗಲಿ. ನನಗೆ ಮಾತ್ರ ರುಚಿಸುವುದಿಲ್ಲ. ಸಿನಿಮಾ ಮಾಡಿದವರು ಮೊದಲೇ ಕಣ್ಣು ಮಿಟುಕಿಸಿಬಿಟ್ಟಿರುತ್ತಾರೆ. ನಗು ನಮ್ಮದಾಗಿ ಹುಟ್ಟುವುದಕ್ಕೆ ಜಾಗವೇ ಇರುವುದಿಲ್ಲ.

ನಮಗೆ ಬೇಕಾದದ್ದು ಮೂರನೆಯದು. ಮನಸಾರೆ ಗಣಪತಿ ಮಾಡಲು ಕೂತವರು, ಮಣ್ಣು ಕಲಸಿ, ಬೆವರು ಸುರಿಸಿ, ಕೊನೆಗೆ ಅವರಪ್ಪನನ್ನು ಮಾಡಿಟ್ಟಿದ್ದು. ಆ ಮನುಷ್ಯ ತಾನು ದೊಡ್ಡ ಕೆಲಸ ಮಾಡುತ್ತಿದ್ದೇನೆ ಅಂತ ನಂಬಿರಬೇಕು. ಆ ನಂಬಿಕೆ ತೆರೆಯ ಮೇಲೆ ಕಾಣುತ್ತದೆ. ಅಮೆರಿಕದ ಲೇಖಕಿ ಸೂಸನ್ ಸೊಂಟ್ಯಾಗ್ 1964ರಲ್ಲಿ ‘ಕ್ಯಾಂಪ್’ ಎಂಬ, ಅತಿರೇಕವನ್ನೇ ಮೆಚ್ಚಿ ಆನಂದಿಸುವ ಅಭಿರುಚಿಯ ಬಗ್ಗೆ ಬರೆದಾಗಲೂ ಇದನ್ನೇ ಹಿಡಿದಿದ್ದರು. ಅದರ ಶುದ್ಧ ರೂಪದಲ್ಲಿ ಮಾಡಿದವರಿಗೆ ನಗಿಸುವ ಉದ್ದೇಶವೇ ಇರುವುದಿಲ್ಲ, ಅವರು ಗಂಭೀರವಾಗಿಯೇ ಮಾಡಿರುತ್ತಾರೆ.

ಗುರುತಿಸುವುದು ಹೇಗೆ? ನಾನು ಎರಡು ವಿಷಯ ನೋಡುತ್ತೇನೆ. ಮೊದಲನೆಯದು, ಹಾಸಿಗೆಗಿಂತ ಕಾಲು ಉದ್ದ ಇದೆಯಾ ಅಂತ. ಕೈಯಲ್ಲಿರುವುದು ಪುಡಿಗಾಸು, ಕಥೆಯಲ್ಲಿ ಭೂಮಿಯ ಮೇಲೆ ದಾಳಿ ಮಾಡುವ ಅನ್ಯಗ್ರಹದವರು. ಎರಡನೆಯದು, ಟೈಟಲ್‌ನಲ್ಲಿ ಒಂದೇ ಹೆಸರು ಎಷ್ಟು ಸಲ ಬರುತ್ತದೆ ಅಂತ. ಬರೆದವನು, ನಿರ್ದೇಶಿಸಿದವನು, ದುಡ್ಡು ಹಾಕಿದವನು, ಹೀರೋ ಎಲ್ಲ ಒಬ್ಬನೇ ಆದರೆ ‘ಬೇಡಪ್ಪಾ, ಇದು ಸರಿಹೋಗಲ್ಲ’ ಅಂತ ಹೇಳುವವರು ಸೆಟ್‌ನಲ್ಲಿ ಯಾರೂ ಇರುವುದಿಲ್ಲ. ‘ದಿ ರೂಮ್’ನಲ್ಲಿ ಆ ನಾಲ್ಕೂ ಟಾಮಿ ವೈಸೋ. ಫಿಲ್ಮ್ ಕ್ಯಾಮೆರಾ ಮತ್ತು ಡಿಜಿಟಲ್ ಕ್ಯಾಮೆರಾ ಎರಡನ್ನೂ ಅಕ್ಕಪಕ್ಕ ಒಂದೇ ಸ್ಟ್ಯಾಂಡಿಗೆ ಕೂರಿಸಿ ಒಟ್ಟಿಗೆ ಶೂಟ್ ಮಾಡಿದರು. ಊರಲ್ಲಿ ನಿಜವಾದ ತಾರಸಿಗಳು ಇದ್ದರೂ ತಾರಸಿಯ ಸೆಟ್ ಹಾಕಿ, ಹಿಂದೆ ಹಸಿರು ಪರದೆ ಕಟ್ಟಿ, ಆಕಾಶವನ್ನು ಆಮೇಲೆ ಅಂಟಿಸಿದರು. ಖರ್ಚು ಸುಮಾರು 60 ಲಕ್ಷ ಡಾಲರ್ ಅನ್ನುತ್ತಾರೆ. ಯಾವುದರಲ್ಲೂ ಜಿಪುಣತನ ಇಲ್ಲ, ಸೋಮಾರಿತನ ಇಲ್ಲ. ಆದರೂ ಹೀಗಾಯಿತು. ಅದಕ್ಕೇ ಅದು ಇಷ್ಟು ಚೆನ್ನಾಗಿದೆ.

ಹಂತ 2: ಮೊದಲ ಸಿನಿಮಾ ಆರಿಸಿ

ಹೊಸಬರು ‘ದಿ ರೂಮ್’ ಅಥವಾ 1990ರ ‘ಟ್ರೋಲ್ 2’ರಿಂದ ಶುರುಮಾಡಿ. ಎರಡರಲ್ಲೂ ಎರಡು ಮೂರು ನಿಮಿಷಕ್ಕೊಮ್ಮೆ ಏನಾದರೂ ಆಗುತ್ತಲೇ ಇರುತ್ತದೆ.

‘ಟ್ರೋಲ್ 2’ ಹೆಸರಿನಲ್ಲಿ ಟ್ರೋಲ್ (ಯುರೋಪಿನ ಜನಪದ ಕಥೆಗಳ ಒಂದು ಥರದ ರಾಕ್ಷಸ) ಇದೆ, ಸಿನಿಮಾದಲ್ಲಿ ಒಂದೇ ಒಂದು ಟ್ರೋಲ್ ಇಲ್ಲ. ಇರುವುದೆಲ್ಲ ಗಾಬ್ಲಿನ್ ಎಂಬ ಬೇರೆ ಪಿಶಾಚಿಗಳು. ಹಳೆಯ ‘ಟ್ರೋಲ್’ ಸಿನಿಮಾದ ಹೆಸರಿನಲ್ಲಿ ಮಾರಾಟ ಆಗಲಿ ಅಂತ ಆ ಹೆಸರಿಟ್ಟರು. ನಿರ್ದೇಶಕ ಇಟಲಿಯ ಕ್ಲಾಡಿಯೋ ಫ್ರಗಾಸ್ಸೋ. ತಂಡದ ಹೆಚ್ಚಿನವರೂ ಇಟಲಿಯವರೇ, ಇಂಗ್ಲಿಷ್ ಅಷ್ಟಕ್ಕಷ್ಟೆ. ನಟರೆಲ್ಲ ಅಮೆರಿಕದವರು. ಡೈಲಾಗ್ ವಿಚಿತ್ರವಾಗಿದೆ, ಹೀಗೆ ಯಾರೂ ಮಾತಾಡುವುದಿಲ್ಲ ಅಂತ ನಟರು ಹೇಳಿದರೂ ಬರೆದಿದ್ದನ್ನು ಬರೆದ ಹಾಗೇ ಹೇಳಬೇಕಾಯಿತು. ಕಥೆ ಏನಪ್ಪಾ ಅಂದರೆ, ಈ ಪಿಶಾಚಿಗಳು ಸಸ್ಯಾಹಾರಿಗಳು. ಮನುಷ್ಯರನ್ನು ತಿನ್ನಬೇಕು, ಆದರೆ ಮಾಂಸ ಆಗದು. ಹಾಗಾಗಿ ಮೊದಲು ಮನುಷ್ಯರನ್ನು ಗಿಡವಾಗಿ ಬದಲಾಯಿಸಿ, ಆಮೇಲೆ ತಿನ್ನುತ್ತವೆ! ಕಥೆ ಬರೆದ ರೊಸೆಲ್ಲಾ ಡ್ರೂಡಿಗೆ ಸ್ನೇಹಿತರು ಸಾಲಾಗಿ ಸಸ್ಯಾಹಾರಿಗಳಾಗಿದ್ದು ಕಿರಿಕಿರಿ ತಂದಿತ್ತು, ಈ ಕಥೆ ಹುಟ್ಟಿದ್ದು ಅದರಿಂದ.

ಆಮೇಲೆ 1987ರ ‘ಮಯಾಮಿ ಕನೆಕ್ಷನ್’. ಟೇಕ್ವಾಂಡೋ ಗುರು ವೈ.ಕೆ. ಕಿಮ್ ಮಾಡಿದ್ದು. ಹಾಡಿನ ಬ್ಯಾಂಡ್ ಕಟ್ಟಿಕೊಂಡ ಅನಾಥ ಗೆಳೆಯರು ನಿಂಜಾಗಳ ಜೊತೆ ಹೊಡೆದಾಡುತ್ತಾರೆ. ಸ್ನೇಹದ ಬಗ್ಗೆ ಆ ಸಿನಿಮಾಕ್ಕಿರುವ ನಂಬಿಕೆ ನೋಡಿದರೆ ಕಣ್ಣು ತುಂಬುತ್ತದೆ, ನಗು ಬರುತ್ತಿರುವಾಗಲೇ. ಹಿಂದಿ ಬಂದರೆ 1998ರ ‘ಗುಂಡಾ’ ನೋಡಿ. ವಿಲನ್‌ಗಳೆಲ್ಲ ಕ್ಯಾಮೆರಾದ ಮುಂದೆ ನಿಂತು ಪ್ರಾಸದಲ್ಲೇ ತಮ್ಮ ಪರಿಚಯ ಹೇಳಿಕೊಳ್ಳುತ್ತಾರೆ. ಮಕ್ಕಳ ಎದುರಿಗೆ ಮಾತ್ರ ಬೇಡ.

1966ರ ‘ಮಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್’ ತುಂಬಾ ಹೆಸರುವಾಸಿ. ಆದರೆ ಅದರಿಂದ ಶುರುಮಾಡಬೇಡಿ. ನಾನು ಶುರುವಿನಲ್ಲೇ ಅದನ್ನು ಒಬ್ಬನೇ ಕೂತು ನೋಡಿ, ಅರ್ಧಕ್ಕೇ ನಿದ್ದೆ ಹೋಗಿದ್ದೆ. ಕಾರು ಹೋಗುತ್ತಲೇ ಇರುತ್ತದೆ, ಹೊಲಗಳು ಬರುತ್ತಲೇ ಇರುತ್ತವೆ. ಅದಕ್ಕೆ ಕಣ್ಣು ಪಳಗಿರಬೇಕು. ಐದಾರು ಸಿನಿಮಾ ಆದಮೇಲೆ ಸಾಕು.

ಹಂತ 3: ಜೊತೆಗೆ ಯಾರು?

ಮೊದಲ ಸಲ ಒಬ್ಬರೇ ನೋಡಬೇಡಿ. ಮೂರರಿಂದ ಆರು ಜನ ಇದ್ದರೆ ಚೆನ್ನ. ‘ಈಗ ನೋಡಿದ್ದು ನಿಜಾನಾ?’ ಅಂತ ಪಕ್ಕದವರ ಮುಖ ನೋಡುತ್ತೀರಲ್ಲ, ಅವರೂ ಅದೇ ಹೊತ್ತಿಗೆ ನಿಮ್ಮ ಮುಖ ನೋಡುತ್ತಾರಲ್ಲ, ಅರ್ಧ ಮಜಾ ಅಲ್ಲೇ ಇದೆ.

ಗುಂಪಿನಲ್ಲಿ ಈಗಾಗಲೇ ನೋಡಿದವರು ಒಬ್ಬರಿದ್ದರೆ ಒಳ್ಳೆಯದು, ಆದರೆ ಅವರು ಬಾಯಿ ಮುಚ್ಚಿಕೊಂಡಿರಬೇಕು. ‘ಈಗ ನೋಡಿ, ಈಗ ಬರುತ್ತೆ’ ಅಂತ ಹೇಳಿದರೆ ಬರುವುದು ಬಂದೂ ಸಪ್ಪೆಯಾಗುತ್ತದೆ. ಇನ್ನು, ಕೈಯಲ್ಲಿ ಫೋನ್ ಹಿಡಿದು ಅರ್ಧ ಕಣ್ಣಿನಲ್ಲಿ ನೋಡುವವರಿಗೆ ಈ ಸಿನಿಮಾಗಳಲ್ಲಿ ಏನೂ ಸಿಗುವುದಿಲ್ಲ, ಯಾಕೆ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ. ಫೋನ್‌ಗಳನ್ನೆಲ್ಲ ಒಂದು ಕಡೆ ಇಟ್ಟುಬಿಡಿ.

ಹಂತ 4: ನೋಡುವ ಮುಂಚೆ

ತುಣುಕು ವಿಡಿಯೋಗಳನ್ನು ಮೊದಲೇ ನೋಡಬೇಡಿ. ಇದು ಎಲ್ಲರೂ ಮಾಡುವ ತಪ್ಪು. ‘ದಿ ರೂಮ್’ನ ಹೂವಿನ ಅಂಗಡಿಯನ್ನು ಬಿಡಿಯಾಗಿ ನೋಡಿದರೆ ನಗು ಬರುತ್ತದೆ, ನಿಜ. ಆದರೆ ಇಡೀ ಸಿನಿಮಾದ ಹದಕ್ಕೆ ಕಿವಿ ಒಗ್ಗಿ, ಎಲ್ಲರೂ ಹೀಗೇ ಮಾತಾಡುತ್ತಾರೆ ಅಂತ ನೀವು ಒಪ್ಪಿಕೊಂಡ ಮೇಲೆ ಅದು ಬಂದರೆ ತಡೆಯುವುದಕ್ಕೆ ಆಗುವುದಿಲ್ಲ. (ನಾನೇ ಮೇಲೆ ಅದನ್ನು ಹೇಳಿಬಿಟ್ಟಿದ್ದೇನೆ. ಹಾಗಾಗಿ ಉಳಿದದ್ದನ್ನು ಹೇಳದೆ ಬಿಟ್ಟಿದ್ದೇನೆ, ಅಲ್ಲಿ ಇನ್ನೂ ತುಂಬಾ ಇದೆ.)

ಸಬ್‌ಟೈಟಲ್ ಹಾಕಿಕೊಳ್ಳಿ. ನಗುವಿನ ಗಲಾಟೆಯಲ್ಲಿ ಮುಂದಿನ ಡೈಲಾಗ್ ತಪ್ಪಿಹೋಗುತ್ತದೆ, ಒಳ್ಳೆಯ ಡೈಲಾಗ್ ಯಾವಾಗಲೂ ನಗುವಿನ ಹಿಂದೆಯೇ ಬರುತ್ತದೆ. ಸೌಂಡ್ ಚೆನ್ನಾಗಿರಲಿ. ರಾತ್ರಿ ತಡವಾಗಿ ಶುರುಮಾಡಬೇಡಿ.

ಹಂತ 5: ನೋಡುವಾಗ ಕಣ್ಣು ಎಲ್ಲಿರಬೇಕು, ಕಿವಿ ಎಲ್ಲಿರಬೇಕು

ಒಳ್ಳೆಯ ಸಿನಿಮಾ ನಮ್ಮ ಕಣ್ಣನ್ನು ಹಿಡಿದು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಆ ಕೆಲಸ ನೀವೇ ಮಾಡಬೇಕು. ಮಾತಾಡುತ್ತಿರುವವನ ಮುಖ ಬಿಟ್ಟು ಸುತ್ತಲೂ ನೋಡಿ. ಗೋಡೆ, ಮೇಜು, ಹಿಂದೆ ನಿಂತವರು, ಚೌಕಟ್ಟಿನ ಅಂಚು.

‘ದಿ ರೂಮ್’ನ ಮನೆಯಲ್ಲಿ ಮೇಜಿನ ಮೇಲೆ ಒಂದು ಫೋಟೋ ಫ್ರೇಮ್ ಇದೆ. ಅದರಲ್ಲಿ ಚಮಚದ ಚಿತ್ರ. ಯಾರದೋ ಮನೆಯವರ ಫೋಟೋ ಇರಬೇಕಾದ ಜಾಗದಲ್ಲಿ ಚಮಚ! ಯಾರೋ ಇದನ್ನು ಗಮನಿಸಿದರು, ಈಗ ಥಿಯೇಟರ್‌ಗಳಲ್ಲಿ ಚಮಚ ಕಂಡಾಗಲೆಲ್ಲ ಜನ ಪ್ಲಾಸ್ಟಿಕ್ ಚಮಚ ಎಸೆಯುತ್ತಾರೆ. ‘ಟ್ರೋಲ್ 2’ರಲ್ಲಿ ಒಬ್ಬ ಹುಡುಗ ಭಯದಿಂದ ಕಿರುಚುವ ಒಂದು ಪ್ರಸಿದ್ಧ ಶಾಟ್ ಇದೆ. ಎಲ್ಲರೂ ಅವನ ಕಿರುಚಾಟ ಕೇಳಿ ನಗುತ್ತಾರೆ. ನೀವು ಅವನ ಹಣೆ ನೋಡಿ. ಅಲ್ಲೊಂದು ನೊಣ ಕೂತಿದೆ. ಆ ಹುಡುಗ ನೊಣವನ್ನು ಓಡಿಸದೆ ಶಾಟ್ ಮುಗಿಸಿದ್ದಾನೆ, ಇನ್ನೊಂದು ಟೇಕ್ ತೆಗೆಯೋಣ ಅಂತ ಯಾರಿಗೂ ಅನ್ನಿಸಲಿಲ್ಲ. ಆ ನೊಣ ನನಗೆ ತುಂಬಾ ಇಷ್ಟ.

ಕಂಟಿನ್ಯೂಟಿ ನೋಡಿ, ಅಂದರೆ ಒಂದು ಶಾಟ್‌ನಲ್ಲಿ ಇದ್ದದ್ದು ಮುಂದಿನ ಶಾಟ್‌ನಲ್ಲೂ ಹಾಗೇ ಇದೆಯಾ ಅಂತ. 1991ರ ‘ಸಮುರಾಯ್ ಕಾಪ್’ನ ಹೀರೋಗೆ ಭುಜದವರೆಗೆ ಕೂದಲು. ಶೂಟಿಂಗ್ ಮುಗಿಯಿತು ಅಂತ ಅವರು ಕೂದಲು ಕತ್ತರಿಸಿಕೊಂಡರು. ತಿಂಗಳುಗಳ ಮೇಲೆ ಇನ್ನಷ್ಟು ಶಾಟ್ ಬೇಕು ಅಂತ ಕರೆ ಬಂತು. ಹೆಂಗಸರ ವಿಗ್ ಒಂದನ್ನು ಹಾಕಿ ಮುಗಿಸಿದರು. ಒಂದೇ ದೃಶ್ಯದಲ್ಲಿ ನಿಜವಾದ ಕೂದಲೂ ವಿಗ್ಗೂ ಬಂದು ಬಂದು ಹೋಗುತ್ತವೆ. ಇದು ಗೊತ್ತಾದ ಮೇಲೆ ಇಡೀ ಸಿನಿಮಾ ಒಂದು ಆಟ ಆಗುತ್ತದೆ, ‘ಕೂದಲು, ವಿಗ್, ವಿಗ್, ಕೂದಲು’ ಅಂತ ನಮ್ಮ ಗುಂಪು ಒಟ್ಟಿಗೆ ಕೂಗುತ್ತದೆ.

ಕಿವಿಯ ಕೆಲಸ ಇನ್ನೂ ಸೊಗಸು. 2010ರ ‘ಬರ್ಡೆಮಿಕ್’ನಲ್ಲಿ ಶಾಟ್ ಬದಲಾದ ಹಾಗೆ ಹಿನ್ನೆಲೆಯ ಶಬ್ದವೂ ಪಟ್ಟಂತ ಬದಲಾಗುತ್ತದೆ. ಒಬ್ಬ ಮಾತಾಡುವಾಗ ಗಾಳಿ, ಇನ್ನೊಬ್ಬ ಮಾತಾಡುವಾಗ ನಿಶ್ಶಬ್ದ. ಸಾಮಾನ್ಯವಾಗಿ ಸೌಂಡ್ ಎಡಿಟರ್ ಆ ಗಾಳಿಯ ಶಬ್ದವನ್ನು ಎರಡೂ ಶಾಟ್‌ಗಳ ಅಡಿಯಲ್ಲಿ ಹಾಸಿಬಿಡುತ್ತಾರೆ, ನಮಗೆ ಗೊತ್ತೇ ಆಗುವುದಿಲ್ಲ. ಆ ಕೆಲಸ ಇಲ್ಲದಾಗಲೇ ಅದು ಇರುತ್ತಿತ್ತು ಅಂತ ತಿಳಿಯುವುದು. ನಾನು ಸಿನಿಮಾದ ಸೌಂಡ್ ಬಗ್ಗೆ ಕಲಿತದ್ದೆಲ್ಲ ಇಂಥ ಸಿನಿಮಾಗಳಿಂದಲೇ.

ಕಥೆಯ ಬಿಟ್ಟುಹೋದ ಎಳೆಗಳನ್ನೂ ಎಣಿಸಿ. ‘ದಿ ರೂಮ್’ನಲ್ಲಿ ಒಬ್ಬ ತಾಯಿ ಮಗಳಿಗೆ ತನಗೆ ಕ್ಯಾನ್ಸರ್ ಇದೆ ಅಂತ ಹೇಳುತ್ತಾಳೆ. ಮಗಳು ಅದೇನು ಮಹಾ ಎಂಬಂತೆ ಮಾತು ಮುಂದುವರಿಸುತ್ತಾಳೆ. ಸಿನಿಮಾ ಮುಗಿಯುವವರೆಗೆ ಆ ವಿಷಯ ಮತ್ತೆ ಬರುವುದೇ ಇಲ್ಲ.

ಮಾತಾಡುವುದರ ಬಗ್ಗೆ ಒಂದು ನಿಯಮ. ಡೈಲಾಗ್ ಮೇಲೆ ಮಾತಾಡಬೇಡಿ, ಸಂದಿಯಲ್ಲಿ ಮಾತಾಡಿ. 1988ರಲ್ಲಿ ಶುರುವಾದ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಎಂಬ ಟಿವಿ ಕಾರ್ಯಕ್ರಮದಲ್ಲಿ ಒಬ್ಬ ಮನುಷ್ಯ, ಎರಡು ರೋಬೋಗಳು ತೆರೆಯ ಕೆಳಗೆ ನೆರಳಿನ ಹಾಗೆ ಕೂತು ಇಂಥ ಸಿನಿಮಾಗಳಿಗೆ ಮಾತು ಸೇರಿಸುತ್ತಿದ್ದರು. ಅವರ ಮಾತು ಸಿನಿಮಾದ ಮಾತಿನ ಸಂದಿಗಳಲ್ಲಿ ಎಷ್ಟು ಸರಿಯಾಗಿ ಕೂರುತ್ತದೆ ಅಂತ ಕೇಳಿ ನೋಡಿ. ಅದು ಸಿನಿಮಾವನ್ನು ಮತ್ತೆ ಮತ್ತೆ ನೋಡಿ ಬರೆದ ಮಾತು. ನಾವು ಹೊಸದಾಗಿ ನೋಡುವಾಗ ಅಷ್ಟು ಮಾಡಲು ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಕಂಡದ್ದನ್ನು ತೋರಿಸಿದರೆ ಸಾಕು.

ನಟರ ಮೈ, ಬಣ್ಣ, ಮುಖದ ಬಗ್ಗೆ ಮಾತು ಬೇಡವೇ ಬೇಡ. ‘ಮಾನೋಸ್’ನಲ್ಲಿ ಒಂದು ಪುಟ್ಟ ಹುಡುಗಿ ಇದ್ದಾಳೆ. ಅವಳ ದನಿಯನ್ನು ದೊಡ್ಡವರು ಯಾರೋ ಡಬ್ ಮಾಡಿದರು, ಅವಳಿಗೆ ಹೇಳಲೇ ಇಲ್ಲ. ಮೊದಲ ಪ್ರದರ್ಶನದಲ್ಲಿ ತೆರೆಯ ಮೇಲೆ ತನ್ನ ಬಾಯಿಂದ ಬೇರೆ ಯಾರದೋ ದನಿ ಬಂದಿದ್ದು ಕೇಳಿ ಮಗು ಅತ್ತುಬಿಟ್ಟಿತು. ಆ ದನಿ ಕೇಳಿದರೆ ನಗು ಬರುತ್ತದೆ, ನನಗೂ ಬರುತ್ತದೆ. ಆದರೆ ನಗು ಡಬ್ಬಿಂಗ್ ಮೇಲಿರಲಿ, ಮಗುವಿನ ಮೇಲೆ ಬೇಡ.

ಹಂತ 6: ನಡುವಿನ ಸೊರಗು

ಮೂವತ್ತೈದು, ನಲವತ್ತು ನಿಮಿಷದ ಸುಮಾರಿಗೆ ಇಂಥ ಸಿನಿಮಾ ಸಾಮಾನ್ಯವಾಗಿ ಸೊರಗುತ್ತದೆ. ಹೊಸದೇನೂ ಉಳಿದಿರುವುದಿಲ್ಲ, ಕ್ಲೈಮ್ಯಾಕ್ಸ್ ಇನ್ನೂ ದೂರ. ಜನ ನಡೆಯುತ್ತಾರೆ, ಕಾರು ನಿಲ್ಲಿಸುತ್ತಾರೆ, ಫೋನ್ ಎತ್ತುತ್ತಾರೆ. ‘ಬರ್ಡೆಮಿಕ್’ ಹಕ್ಕಿಗಳ ದಾಳಿಯ ಸಿನಿಮಾ, ಆದರೆ ಮೊದಲ ಮುಕ್ಕಾಲು ಗಂಟೆ ದಾಳಿಯೇ ಇಲ್ಲ. ಆಫೀಸಿನ ಮೀಟಿಂಗ್ ಇದೆ, ಕಾರು ಓಡಿಸುವುದು ಇದೆ.

ಇಲ್ಲಿ ಬಿಟ್ಟು ಏಳಬೇಡಿ. ಐದು ನಿಮಿಷ ನಿಲ್ಲಿಸಿ, ಕೈಕಾಲು ಆಡಿಸಿ, ಮುಂದೆ ಏನಾಗಬಹುದು ಅಂತ ಎಲ್ಲರೂ ಒಂದೊಂದು ಊಹೆ ಹೇಳಿ. ಯಾರ ಊಹೆಯೂ ಸರಿಹೋಗುವುದಿಲ್ಲ, ಅದೇ ಚಂದ. ‘ಬರ್ಡೆಮಿಕ್’ನಲ್ಲಿ ಕೊನೆಗೂ ಹಕ್ಕಿಗಳು ಬಂದಾಗ ಅವು ಪರದೆಗೆ ಅಂಟಿಸಿದ ಚಿತ್ರಗಳ ಹಾಗೆ ನಿಂತಲ್ಲೇ ರೆಕ್ಕೆ ಬಡಿಯುತ್ತವೆ, ಜನ ಬಟ್ಟೆ ನೇತುಹಾಕುವ ಹ್ಯಾಂಗರ್ ಹಿಡಿದು ಅವುಗಳ ಜೊತೆ ಹೊಡೆದಾಡುತ್ತಾರೆ. ಮುಕ್ಕಾಲು ಗಂಟೆ ಕಾದವರಿಗೆ ಮಾತ್ರ ಅದರ ಪೂರ್ತಿ ಸುಖ.

ಹಂತ 7: ಮುಗಿದ ಮೇಲೆ, ಹಿಂದಿನ ಕಥೆ ಓದಿ

ಹೊಸಬರು ಇದನ್ನು ಬಿಟ್ಟುಬಿಡುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ಹೆಚ್ಚು.

‘ಮಾನೋಸ್’ ಮಾಡಿದ ಹೆರಾಲ್ಡ್ ವಾರೆನ್ ಟೆಕ್ಸಾಸ್‌ನ ಎಲ್ ಪಾಸೋದಲ್ಲಿ ಗೊಬ್ಬರ ಮಾರುತ್ತಿದ್ದವರು. ಹಾರರ್ ಸಿನಿಮಾ ಮಾಡುವುದು ಅಂಥ ಕಷ್ಟವಲ್ಲ ಅಂತ ಒಬ್ಬ ಹಾಲಿವುಡ್ ಚಿತ್ರಕಥೆಗಾರರ ಜೊತೆ ಪಂಥ ಕಟ್ಟಿದರು. ಸಿಕ್ಕಿದ್ದು ಕೀಲಿ ಕೊಟ್ಟು ಓಡಿಸುವ ಕ್ಯಾಮೆರಾ, ಒಂದು ಸಲಕ್ಕೆ 32 ಸೆಕೆಂಡ್ ಮಾತ್ರ ಓಡುತ್ತಿತ್ತು. ಶಬ್ದ ಹಿಡಿಯುತ್ತಿರಲಿಲ್ಲ, ಹಾಗಾಗಿ ಎಲ್ಲ ಪಾತ್ರಗಳ ದನಿಯನ್ನೂ ಬೆರಳೆಣಿಕೆಯ ಜನ ಆಮೇಲೆ ಸೇರಿಸಿದರು. ಇಷ್ಟು ತಿಳಿದುಕೊಂಡು ಮತ್ತೆ ನೋಡಿ. ಮೊದಲು ನಿದ್ದೆ ಬರಿಸಿದ ಸಿನಿಮಾ ಈಗ ಉಸಿರು ಬಿಗಿಹಿಡಿದು ನೋಡಿಸುತ್ತದೆ, ‘ಇವರು ಇದನ್ನು ಮುಗಿಸಿದ್ದಾದರೂ ಹೇಗೆ’ ಅಂತ.

‘ಟ್ರೋಲ್ 2’ರ ಅಪ್ಪನ ಪಾತ್ರ ಮಾಡಿದ ಜಾರ್ಜ್ ಹಾರ್ಡಿ ನಿಜ ಜೀವನದಲ್ಲಿ ಹಲ್ಲಿನ ಡಾಕ್ಟರ್. ಆ ಸಿನಿಮಾದ ಪುಟ್ಟ ಹುಡುಗ ಮೈಕಲ್ ಸ್ಟೀಫನ್‌ಸನ್ ದೊಡ್ಡವನಾಗಿ 2009ರಲ್ಲಿ ‘ಬೆಸ್ಟ್ ವರ್ಸ್ಟ್ ಮೂವಿ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ತಪ್ಪದೆ ನೋಡಿ. ‘ಮಯಾಮಿ ಕನೆಕ್ಷನ್’ ಬಿಡುಗಡೆಯಾದಾಗ ನೆಲಕಚ್ಚಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ ಥಿಯೇಟರ್‌ಗೆ ಸಿನಿಮಾ ಆರಿಸುವ ಒಬ್ಬರು ಅದರ ಪ್ರಿಂಟ್ ಒಂದನ್ನು ಇ-ಬೇನಲ್ಲಿ 50 ಡಾಲರ್‌ಗೆ ಕೊಂಡು ಹಾಕಿದರು. ಜನ ಕುಣಿದಾಡಿದರು. 2012ರಲ್ಲಿ ಅದು ಮತ್ತೆ ಬಿಡುಗಡೆಯಾಯಿತು.

ಎಲ್ಲರಿಗೂ ಹೀಗೆ ಎರಡನೇ ಅವಕಾಶ ಸಿಗಲಿಲ್ಲ. ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಮಾಡಿದ ಎಡ್ ವುಡ್ 1978ರಲ್ಲಿ ತೀರಿಕೊಂಡರು. 1980ರಲ್ಲಿ ‘ಗೋಲ್ಡನ್ ಟರ್ಕಿ ಅವಾರ್ಡ್ಸ್’ ಎಂಬ ಪುಸ್ತಕ ಅವರನ್ನು ಅತಿ ಕೆಟ್ಟ ನಿರ್ದೇಶಕ ಅಂತ ಆರಿಸಿತು. ಅಲ್ಲಿಂದ ಜನ ಅವರ ಸಿನಿಮಾಗಳನ್ನು ಹುಡುಕಿಕೊಂಡು ಹೋದರು, ಥಿಯೇಟರ್ ತುಂಬಿದವು. ನೋಡುವುದಕ್ಕೆ ಅವರೇ ಇರಲಿಲ್ಲ. ಇದನ್ನು ಓದಿದ ದಿನ ನನಗೆ ಬೇರೆ ಯಾವ ಕೆಲಸಕ್ಕೂ ಮನಸ್ಸು ಬರಲಿಲ್ಲ.

ಹಂತ 8: ಎರಡನೇ ಸಲ, ಒಬ್ಬರೇ

ಈಗ ಒಬ್ಬರೇ ಕೂತು ನೋಡಬಹುದು. ಮೊದಲು ಗುಂಪಿನಲ್ಲಿ ನೋಡಿದ್ದನ್ನೇ ಹಾಕಿಕೊಳ್ಳಿ. ‘ಪ್ಲಾನ್ 9’ ಆದರೆ ತುಂಬಾ ಒಳ್ಳೆಯದು.

ಗುಂಪಿನಲ್ಲಿದ್ದಾಗ ನೀವು ಅಲುಗಾಡುವ ಗೋರಿಕಲ್ಲು ನೋಡಿ ನಕ್ಕಿರುತ್ತೀರಿ. ಒಂದು ಶಾಟ್‌ನಲ್ಲಿ ಹಗಲು, ಮುಂದಿನ ಶಾಟ್‌ನಲ್ಲಿ ರಾತ್ರಿ ಅಂತ ನಕ್ಕಿರುತ್ತೀರಿ. ಮುಖಕ್ಕೆ ನಿಲುವಂಗಿ ಅಡ್ಡ ಹಿಡಿದು ಓಡಾಡುವ ಉದ್ದನೆಯ ಮನುಷ್ಯನನ್ನು ನೋಡಿ ಜಾಸ್ತಿಯೇ ನಕ್ಕಿರುತ್ತೀರಿ. ಆ ಪಾತ್ರ ಬೇಲಾ ಲುಗೋಸಿಯದು, ಒಂದು ಕಾಲಕ್ಕೆ ಡ್ರಾಕುಲಾ ಆಗಿ ಜಗತ್ತನ್ನೇ ಹೆದರಿಸಿದ ನಟ. ಕೊನೆಗಾಲದಲ್ಲಿ ಅವರಿಗೆ ಕೆಲಸ ಕೊಡುತ್ತಿದ್ದವರು ಕಡಿಮೆ. ಎಡ್ ವುಡ್ ಕೊಟ್ಟರು. 1956ರಲ್ಲಿ ಲುಗೋಸಿ ತೀರಿಕೊಂಡಾಗ ವುಡ್ ಕೈಯಲ್ಲಿ ಇದ್ದದ್ದು ಬೇರೆ ಸಿನಿಮಾಕ್ಕೆ ಅಂತ ತೆಗೆದಿದ್ದ ಕೆಲವೇ ನಿಮಿಷಗಳ ಮಾತಿಲ್ಲದ ದೃಶ್ಯ. ಅದನ್ನು ಬಿಸಾಡಲು ಮನಸ್ಸಾಗದೆ ಅದರ ಸುತ್ತ ಒಂದು ಇಡೀ ಸಿನಿಮಾ ಕಟ್ಟಿದರು. ಉಳಿದ ಶಾಟ್‌ಗಳಿಗೆ ತನ್ನ ಹೆಂಡತಿಯ ಬೆನ್ನಿಗೆ ಚಿಕಿತ್ಸೆ ಕೊಡುತ್ತಿದ್ದವರನ್ನೇ ಕರೆತಂದರು. ಮುಖ ಹೋಲುತ್ತಿರಲಿಲ್ಲ, ಅದಕ್ಕೇ ಆ ನಿಲುವಂಗಿ.

ಶುರುವಿನಲ್ಲೇ ಒಂದು ಶಾಟ್ ಬರುತ್ತದೆ. ಹಾಡುಹಗಲು, ಒಂದು ಮಾಮೂಲಿ ಮನೆ. ಟೋಪಿ ಹಾಕಿಕೊಂಡ ಮುದುಕ ಬಾಗಿಲಿನಿಂದ ಹೊರಗೆ ಬರುತ್ತಾನೆ, ಗಿಡದ ಹತ್ತಿರ ನಿಲ್ಲುತ್ತಾನೆ, ಒಂದು ಹೂವನ್ನು ಮೂಸುತ್ತಾನೆ. ಮುಖದಲ್ಲಿ ನಿಜವಾದ ದುಃಖ ಇದೆ. ಆಮೇಲೆ ಚೌಕಟ್ಟಿನ ಆಚೆ ನಡೆದುಹೋಗುತ್ತಾನೆ, ಕಾರು ಗುದ್ದಿದ್ದು ಶಬ್ದದಲ್ಲಿ ಮಾತ್ರ ಕೇಳಿಸುತ್ತದೆ. ನಿಜವಾದ ಲುಗೋಸಿ ಅಲ್ಲಿದ್ದಾರೆ. ಅಲ್ಲಿ ಪಾಸ್ ಮಾಡಿ, ಸ್ವಲ್ಪ ಹೊತ್ತು ನೋಡಿ.